ಹೊಸ್ತಿಲಿನ ಹೊರಗೆ

ನೆರೆಯವನ ಬೆಳೆ ಕೈಕೊಟ್ಟಿದೆ; ಸಾಲ ಕೊಟ್ಟವರು ಬಾಗಿಲಿಗೆ ಬಂದಿದ್ದಾರೆ. ನೀವು ನೆರವಾಗಬಲ್ಲಿರಿ. ಆದರೆ ಹಣ ಪಡೆದ ಮರುದಿನ ಆತ ನಿಮ್ಮ ಮುಖವನ್ನು ನೇರವಾಗಿ ನೋಡಬಲ್ಲನೇ?

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲೊಂದು ಸೂಕ್ಷ್ಮ ನಿಯಮವಿದೆ. ಸಾಲ ಕೊಟ್ಟವನು ಒತ್ತೆಗಾಗಿ ಸಾಲಗಾರನ ಮನೆಯೊಳಗೆ ಕಾಲಿಡಬಾರದು, ಹೊರಗೇ ನಿಂತಿರಬೇಕು. ಬರಿದಾದ ಮಡಕೆಗಳನ್ನು ಇಣುಕಿ ನೋಡುವ ಹಕ್ಕು ಅವನಿಗಿಲ್ಲ. ನಾವಾದರೋ ಕೊಡುವ ಮೊದಲೇ ಒಳಹೊಕ್ಕು, ಮಗಳ ಮದುವೆಗೆ ಅಷ್ಟು ಖರ್ಚೇಕೆಂದು ಲೆಕ್ಕ ಕೇಳುತ್ತೇವೆ!

ನಮ್ಮ ಸೀಮೆಯ ಹಿರಿಯರು ಬೇರೊಂದು ದಾರಿ ಕಂಡಿದ್ದರು. 1905ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. 1904ರ ಕಾಯಿದೆಯಂತೆ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ: ಒಬ್ಬನ ಬಾಕಿಗೆ ಎಲ್ಲರೂ ಬಾಧ್ಯರು. ಅಂಜಿಸುವ ಮಾತೇ ಸರಿ. ಜಾಮೀನಿನ ಕುರಿತು ಜ್ಞಾನೋಕ್ತಿಗಳೂ ಎಚ್ಚರಿಸುತ್ತವೆ. ಆದರೆ ಅಲ್ಲಿ ಸಾಲ ಕೇಳುವವನು ಯಾಚಕನಲ್ಲ, ಪಾಲುದಾರ.

ಗರಗದ್ದು ಇನ್ನೊಂದು ಬಗೆ. ಅಲ್ಲಿ 1954ರಲ್ಲಿ ಆರಂಭವಾದ ಕ್ಷೇತ್ರೀಯ ಸೇವಾ ಸಂಘವು ರಾಷ್ಟ್ರಧ್ವಜದ ಖಾದಿಗೆ ಹೆಸರಾದುದು. ನೂಲುವ ಹೆಣ್ಣುಮಕ್ಕಳಿಗೆ ದಕ್ಕುವ ಕೂಲಿ ಅಲ್ಪವೇ. ಆದರೂ ಅದನ್ನು ತಲೆತಗ್ಗಿಸದೆ ಎಣಿಸಿಕೊಳ್ಳಬಹುದು. ಸಂಕಟದಲ್ಲಿರುವ ಗೆಳತಿಗೆ ಕೆಲಸವೊಂದನ್ನು ಹುಡುಕಿಕೊಡುವುದೂ ಹಣ ಕೊಟ್ಟಷ್ಟೇ ದೊಡ್ಡ ನೆರವು.

ಹಾಗೆಂದು, ಆಸ್ಪತ್ರೆಯ ಬಿಲ್ಲು ಹಿಡಿದು ನಿಂತವನಿಗೆ ಕೆಲಸ ತೋರಿಸುವುದು ಕ್ರೌರ್ಯ. ಅವನಿಗೆ ಹಣವೇ ಬೇಕು, ಇಂದೇ ಬೇಕು. ಕೊಡಿರಿ. ಮರಳಿಸುವ ದಿನವನ್ನು ಅವನೇ ಹೇಳಲಿ. ಆ ದಿನ ಕಳೆದ ಮೇಲೆ ಸಂತೆಯಲ್ಲಿ ಎದುರಾದರೆ, ಮಳೆಯ ಮಾತನ್ನಾಡಿರಿ.