ಪೂಜೆಗೊಂದು ಸೀಟ್ ನಂಬರ್

ಕಳೆದ ವರ್ಷ ಒಂದು ವಿಚಾರಗೋಷ್ಠಿಗೆಂದು ವಿಯೆನ್ನಾಕ್ಕೆ ಹೋಗಿದ್ದೆ. ಪ್ರಬಂಧ ಓದಿ ಮುಗಿದ ಮೇಲೆ ಒಂದು ಭಾನುವಾರ ಕೈಯಲ್ಲಿ ಉಳಿಯಿತು. ಉಳಿದುಕೊಂಡಿದ್ದ ಹಾಸ್ಟೆಲಿನ ಕೌಂಟರಿನ ಮೇಲೆ ಇದ್ದ ಕರಪತ್ರವೊಂದರಲ್ಲಿ ಒಂದೇ ಟಿಕೆಟ್ಟಿಗೆ ಎರಡು ಕಾರ್ಯಕ್ರಮಗಳಿದ್ದವು: ಬೆಳಿಗ್ಗೆ ವಿಯೆನ್ನಾ ಬಾಲಕರ ಗಾಯನವೃಂದದ ಹಾಡು, ಆಮೇಲೆ ಗೈಡ್ ಜೊತೆ ಬಸ್ಸಿನಲ್ಲಿ ನಗರದರ್ಶನ. ತೆಗೆದುಕೊಂಡೆ. ಚೀಟಿಯಲ್ಲಿ ಸಾಲಿನ ಸಂಖ್ಯೆ, ಸೀಟಿನ ಸಂಖ್ಯೆ, ವೇಳೆ 9:15 ಎಂದಿತ್ತು. ಆ ವೇಳೆ ಬಲಿಪೂಜೆಯದ್ದು ಎಂದು ಎಲ್ಲೋ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಓದಿದ್ದೆ ಕೂಡ. ಆದರೆ ಪಾದ್ರಿಯವರು ಬಂದು ಶಿಲುಬೆಯ ಗುರುತು ಹಾಕಿ, ನನ್ನ ಮುಂದಿನ ಸಾಲಿನ ಮುದುಕಿಯೊಬ್ಬಳು ಮೊಣಕಾಲೂರಿದಾಗಲೇ ಅದು ನನ್ನ ತಲೆಗೆ ಹೋದದ್ದು. ನಾನು ಒಂದು ಪೂಜೆಗೆ ಸೀಟ್ ನಂಬರ್ ಹಿಡಿದು ಬಂದಿದ್ದೆ.

ಹೋಫ್‌ಬುರ್ಗ್ ಅರಮನೆಯ ಹಳೆಯ ಭಾಗ ಸ್ವಿಸ್ ಅಂಗಳ. ಕೆಂಪು-ಕಪ್ಪು ಬಣ್ಣದ ದೊಡ್ಡ ಬಾಗಿಲು ದಾಟಿ ಒಳಗೆ ಹೋದರೆ ಮೆಟ್ಟಿಲ ಮೇಲೆ ಆ ಚಾಪೆಲ್. 15ನೆಯ ಶತಮಾನದ್ದು, ಗೋಥಿಕ್, ಅರಮನೆಯ ಗಾತ್ರಕ್ಕೆ ಹೋಲಿಸಿದರೆ ಪುಟ್ಟದು. ಭಾನುವಾರದ ಪೂಜೆಯಲ್ಲಿ ಇಲ್ಲಿ ಹಾಡುವುದು ಬಾಲಕರು ಮಾತ್ರ ಅಲ್ಲ. ವಿಯೆನ್ನಾದ ಸರ್ಕಾರಿ ಒಪೆರಾದ ವೃಂದದ ಗಂಡಸರು ಜೊತೆಗಿರುತ್ತಾರೆ, ವಾದ್ಯ ನುಡಿಸುವವರು ವಿಯೆನ್ನಾ ಫಿಲ್‌ಹಾರ್ಮೋನಿಕ್‌ನವರು. ಇಷ್ಟೆಲ್ಲ ಇದ್ದೂ ಇವರಾರೂ ಕಾಣುವುದಿಲ್ಲ. ಅವರ ಜಾಗ ಮೇಲಿನ ಉಪ್ಪರಿಗೆಯಲ್ಲಿ, ನಮ್ಮ ಬೆನ್ನ ಹಿಂದೆ. ಕೂತವರ ಮುಖ ಬಲಿಪೀಠದ ಕಡೆ. ಹಾಡು ಶುರುವಾದ ಕೂಡಲೇ ನಮ್ಮ ಬಸ್ಸಿನ ಗುಂಪಿನ ಮೂವತ್ತು ತಲೆಗಳೂ ಹಿಂದಕ್ಕೆ, ಮೇಲಕ್ಕೆ ತಿರುಗಿದವು. ಏನೂ ಕಾಣದೆ ಒಂದೊಂದಾಗಿ ಮುಂದಕ್ಕೆ ಬಂದವು.

ಅಂದು ಹಾಡಿದ್ದು ಶೂಬರ್ಟ್ ತನ್ನ 18ನೆಯ ವಯಸ್ಸಿನಲ್ಲಿ, 1815ರಲ್ಲಿ ರಚಿಸಿದ ಜಿ ಮೇಜರ್ ಬಲಿಪೂಜೆಯ ಸಂಗೀತ. ಬಿಡಿಬಿಡಿಯಾಗಿ ಬರುತ್ತಿತ್ತು. ಐದು ನಿಮಿಷ ಹಾಡು, ಆಮೇಲೆ ಜರ್ಮನ್ ಭಾಷೆಯಲ್ಲಿ ವಾಚನ, ಮತ್ತೆ ಹಾಡು, ಆಮೇಲೆ ಪ್ರವಚನ. ಪ್ರವಚನ ಉದ್ದವಾಗಿತ್ತು, ಅಥವಾ ನನಗೆ ಜರ್ಮನ್ ಬಾರದ ಕಾರಣ ಹಾಗನ್ನಿಸಿತು. ಪಕ್ಕದವರು ಗಡಿಯಾರ ನೋಡಿಕೊಂಡರು. ಕೊನೆಯಲ್ಲಿ, ಪೂಜೆ ಮುಗಿದ ಮೇಲೆ, ನಾವಿಕರ ಉಡುಪಿನ ಹುಡುಗರು ಉಪ್ಪರಿಗೆ ಇಳಿದು ಬಲಿಪೀಠದ ಮುಂದೆ ಬಂದು ನಿಂತರು, ಒಂದು ಹಾಡು ಹಾಡಿದರು. ಅಷ್ಟೂ ಹೊತ್ತು ಕಾದಿದ್ದ ಜನ ಎದ್ದು ನಿಂತು ಮೊಬೈಲ್ ಎತ್ತಿದರು. ಮುಂದಿನ ಸಾಲಿನ ಮುದುಕಿ ಇನ್ನೂ ಮೊಣಕಾಲೂರಿಯೇ ಇದ್ದಳು. ನಾನೂ ಎತ್ತಿದೆ. ಹದಿನಾಲ್ಕು ಸೆಕೆಂಡಿನ ಆ ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ. ಕೆಳಗಿನ ಮೂಲೆಯಲ್ಲಿ ಅವಳ ಬೂದು ತಲೆವಸ್ತ್ರ ಇದೆ.

ಇದನ್ನು ಬರೆಯಲು ಕಾರಣ ಇನ್ನೊಂದು ಊರಿನ ಕತೆ. ನಮ್ಮೂರು ಬೆಳ್ತಂಗಡಿ ತಾಲ್ಲೂಕಿನಲ್ಲಿದೆ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ನಮ್ಮ ಗುತ್ತಿನ ನೇಮಕ್ಕೂ ಹೊರಗಿನವರು ಬರತೊಡಗಿದರು. ಒಂದು ವರ್ಷ ದೈವದ ಪಾತ್ರಧಾರಿ ಬಣ್ಣ ಹಚ್ಚಿಕೊಳ್ಳುತ್ತಿದ್ದ, ಅವರ ಮನೆಯ ಹೆಂಗಸು ಪಾಡ್ದನ ಹೇಳುತ್ತಿದ್ದಳು. ಆ ಹೊತ್ತಿಗೆ ಒಬ್ಬ ಕ್ಯಾಮೆರಾ ಹಿಡಿದು ಅವರಿಬ್ಬರ ನಡುವೆ ತೂರಿದ. ನಾನು ಅವನ ಹತ್ತಿರ ಹೋಗಿ ಜೋರು ಮಾಡಿದೆ. “ಇದು ನೋಡ್ಲಿಕ್ಕೆ ಇರುವ ಆಟ ಅಲ್ಲ ಮಾರಾಯ್ರೆ” ಎಂದಿದ್ದೆ. ಸುತ್ತ ಇದ್ದವರು ಸರಿ ಹೇಳಿದೆ ಎಂದರು. ಆ ವಾಕ್ಯ ನನಗೆ ಬಹಳ ಇಷ್ಟವಾಗಿತ್ತು, ಒಂದೆರಡು ಸೆಮಿನಾರುಗಳಲ್ಲೂ ಹೇಳಿದ್ದೇನೆ. ವಿಯೆನ್ನಾದಲ್ಲಿ ಫೋನ್ ಕೆಳಗಿಳಿಸುವಾಗ ಅದೇ ವಾಕ್ಯ ನೆನಪಾಯಿತು. ಅಲ್ಲಿ ನನಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಏನು ಉತ್ತರ ಕೊಡುತ್ತಿದ್ದೆ?

ತಕ್ಷಣ ಸಿಗುವ ಉತ್ತರ ದುಡ್ಡಿನದ್ದು. ಪೂಜೆಯನ್ನು ಮಾರಬಾರದು, ಮಾರಿದರು, ಆದ್ದರಿಂದ ಕೆಟ್ಟಿತು. ಮೈಕಲ್ ಸ್ಯಾಂಡೆಲ್ 2012ರ ತನ್ನ ಪುಸ್ತಕದಲ್ಲಿ ಇಂಥದೇ ಒಂದು ಪ್ರಸಂಗ ಹೇಳುತ್ತಾನೆ. 2008ರಲ್ಲಿ ಪೋಪ್ ಬೆನೆಡಿಕ್ಟ್ ನ್ಯೂಯಾರ್ಕಿನ ಕ್ರೀಡಾಂಗಣದಲ್ಲಿ ಬಲಿಪೂಜೆ ನಡೆಸಿದಾಗ ಚರ್ಚುಗಳ ಮೂಲಕ ಪುಕ್ಕಟೆ ಹಂಚಿದ ಚೀಟಿಗಳನ್ನು ಕೆಲವರು ಕಾಳಸಂತೆಯಲ್ಲಿ ಮಾರಿದರು. ಸರಕಿನಂತೆ ಮಾರಿದ ಕೂಡಲೇ ಪವಿತ್ರವಾದದ್ದು ಕೀಳಾಗುತ್ತದೆ ಎಂಬುದು ಅವನ ವಾದ. ಓದುವಾಗ ಒಪ್ಪಿಗೆಯಾಗುತ್ತದೆ. ಆದರೆ ನಾವು ದೇವಸ್ಥಾನದ ಗೋಡೆಗೆ ತೂಗುಹಾಕಿದ ಸೇವಾಪಟ್ಟಿ ಓದುತ್ತಾ ಬೆಳೆದವರು. ವಿಶೇಷ ದರ್ಶನಕ್ಕೆ ಇಷ್ಟು, ಧರ್ಮದರ್ಶನಕ್ಕೆ ಸೊನ್ನೆ. ದುಡ್ಡು ಕೊಟ್ಟವರು ಬೇಗ ಹೋಗುತ್ತಾರೆ, ಕೊಡದವರು ಕ್ಯೂನಲ್ಲಿ ನಿಲ್ಲುತ್ತಾರೆ. ವಿಯೆನ್ನಾದಲ್ಲೂ ಹಾಗೆಯೇ: ಕೂರುವುದಕ್ಕೆ ಬೆಲೆ, ಹಿಂದೆ ನಿಲ್ಲುವ ಜಾಗ ಉಚಿತ. ಕಥೋಲಿಕ ಧರ್ಮಸಭೆಯ 1983ರ ಕಾನೂನಿನ 1221ನೆಯ ವಿಧಿ ಪೂಜೆಯ ಹೊತ್ತಿನಲ್ಲಿ ಚರ್ಚಿನೊಳಗೆ ಪ್ರವೇಶ ಉಚಿತವಾಗಿರಬೇಕು ಎನ್ನುತ್ತದೆ. ನಿಲ್ಲುವ ಆ ಸ್ವಲ್ಪ ಜಾಗ ಇಲ್ಲದಿದ್ದರೆ ಆ ಮಾತಿಗೆ ಅಲ್ಲಿ ಅರ್ಥವೇ ಇರುತ್ತಿರಲಿಲ್ಲ.

ಇನ್ನು, ದುಡ್ಡಿಲ್ಲದೆ ಈ ಹಾಡು ಯಾವತ್ತು ಇತ್ತು? 1498ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ತನ್ನ ಆಸ್ಥಾನದ ಸಂಗೀತಗಾರರಲ್ಲಿ ಆರು ಹುಡುಗರಿರಬೇಕೆಂದು ಆಜ್ಞೆ ಮಾಡಿದ. ಅವರ ಊಟ ಬಟ್ಟೆ ಬೊಕ್ಕಸದ್ದು. ಶೂಬರ್ಟ್ ಕೂಡ 1808ರಿಂದ 1812ರವರೆಗೆ, ಗಂಟಲು ಒಡೆಯುವವರೆಗೆ, ಇದೇ ಚಾಪೆಲ್ಲಿನಲ್ಲಿ ಹಾಡಿದವನು. 1918ರಲ್ಲಿ ಸಾಮ್ರಾಜ್ಯ ಬಿತ್ತು, ಅದರೊಂದಿಗೆ ಬೊಕ್ಕಸವೂ ಹೋಯಿತು. 1924ರಲ್ಲಿ ಯೋಸೆಫ್ ಶ್ನಿಟ್ ಎಂಬ ಪಾದ್ರಿ ಖಾಸಗಿ ಸಂಸ್ಥೆಯಾಗಿ ಈ ವೃಂದವನ್ನು ಮತ್ತೆ ಕಟ್ಟಿದರು. ಚಕ್ರವರ್ತಿಯ ಕೆಡೆಟ್ ಸಮವಸ್ತ್ರ ಹೋಗಿ ನಾವಿಕರ ಉಡುಪು ಬಂತು. ದುಡ್ಡು ಸಾಲದೆ 1926ರಿಂದ ಪೂಜೆಯ ಹೊರಗೆ ಕಛೇರಿಗಳು ಶುರುವಾದವು. ಈಗ ನೂರರಷ್ಟು ಹುಡುಗರು ನಾಲ್ಕು ತಂಡಗಳಾಗಿ ಜಗತ್ತು ಸುತ್ತುತ್ತಾರೆ. ರಾಜ ಹೋದ ಮೇಲೆ ಈ ಹಾಡನ್ನು ಸಾಕಿದವರಲ್ಲಿ ನನ್ನಂಥ ಟಿಕೆಟ್ಟಿನವರೂ ಇದ್ದಾರೆ. ನೇಮದಲ್ಲಿ ದೈವ ಕಟ್ಟುವವರಿಗೂ ಸಂಭಾವನೆ ಇದೆ, ಇರಲೇಬೇಕು. ಅದು ಎಷ್ಟು ಕಡಿಮೆ ಎಂಬುದರ ಬಗ್ಗೆ ಮಾತಾಡದೆ ಅದರ ಪಾವಿತ್ರ್ಯದ ಬಗ್ಗೆ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಪಟ್ಟಿಯಲ್ಲಿ ಎಷ್ಟೋ ವರ್ಷ ನಾನೂ ಇದ್ದೆ.

ಹಾಗಾದರೆ ತಪ್ಪು ನಂಬಿಕೆಯಿಲ್ಲದೆ ಹೋದದ್ದೇ? ನಾನು ಕ್ರೈಸ್ತ ಅಲ್ಲ. ನಮ್ಮ ಗುಂಪಿನ ಎಷ್ಟೋ ಜನಕ್ಕೆ ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂಬುದೂ ತಿಳಿದಿರಲಿಲ್ಲ. ಎಲ್ಲರೂ ಮುಂದಿನ ಸಾಲಿನ ಮುದುಕಿಯನ್ನು ನೋಡಿ ಎದ್ದು ಕೂತು ಮಾಡಿದೆವು. ಆದರೆ ನಂಬಿಕೆಯ ಪರೀಕ್ಷೆ ಇಟ್ಟರೆ ಶೂಬರ್ಟನೇ ನಪಾಸಾಗುತ್ತಾನೆ. ಬರೆದ ಆರು ಲ್ಯಾಟಿನ್ ಬಲಿಪೂಜೆಗಳಲ್ಲೂ, ವಿಶ್ವಾಸ ಸಾರುವ ಭಾಗದಲ್ಲಿ, ಏಕೈಕ ಪವಿತ್ರ ಧರ್ಮಸಭೆಯನ್ನು ನಂಬುತ್ತೇನೆ ಎಂಬರ್ಥದ ಮಾತುಗಳನ್ನು ಅವನು ಬಿಟ್ಟುಬಿಟ್ಟಿದ್ದಾನೆ. ಅದು ಮರೆವಲ್ಲ, ಆರು ಸಲ ಯಾರೂ ಮರೆಯುವುದಿಲ್ಲ. ನೇಮದಲ್ಲೂ ಎಲ್ಲರೂ ಭಕ್ತಿಯಿಂದ ಕೂತಿರುತ್ತಾರೆಯೇ? ಚರುಮುರಿ ತಿನ್ನಲು ಬಂದವರಿರುತ್ತಾರೆ, ಜಾಗದ ತಕರಾರು ಮಾತಾಡಲು ಬಂದವರಿರುತ್ತಾರೆ. ನಾನೇ ಚಿಕ್ಕಂದಿನಲ್ಲಿ ಎಷ್ಟೋ ನೇಮಗಳನ್ನು ಅಜ್ಜಿಯ ಮಡಿಲಲ್ಲಿ ನಿದ್ದೆ ಮಾಡಿ ಕಳೆದಿದ್ದೇನೆ. ಗಗ್ಗರದ ಸದ್ದಿಗೆ ಎಚ್ಚರವಾದಾಗ ಅಂಗಳದಲ್ಲಿ ದೊಂದಿ ಬೆಳಕು ಇರುತ್ತಿತ್ತು. ಯಾರೂ ನನ್ನನ್ನು ಹೊರಗಿನವ ಎನ್ನಲಿಲ್ಲ.

ವಾಲ್ಟರ್ ಬೆನ್ಯಾಮಿನ್ ಕಲೆಯ ಬಗ್ಗೆ ಬರೆಯುತ್ತಾ ಆರಾಧನೆಯ ಮೌಲ್ಯ, ಪ್ರದರ್ಶನದ ಮೌಲ್ಯ ಎಂಬ ಎರಡನ್ನು ಬೇರೆ ಮಾಡುತ್ತಾನೆ. ಕೆಲವು ಮೂರ್ತಿಗಳನ್ನು ಪೂಜಾರಿ ಬಿಟ್ಟು ಬೇರಾರೂ ನೋಡುವ ಹಾಗಿರಲಿಲ್ಲ, ಕೆಲವನ್ನು ವರ್ಷವಿಡೀ ಮುಚ್ಚಿಡುತ್ತಿದ್ದರು, ಚರ್ಚುಗಳ ಎತ್ತರದಲ್ಲಿ ಕೆತ್ತಿದ ಕೆಲವು ಶಿಲ್ಪಗಳು ನೆಲದ ಮೇಲೆ ನಿಂತವರಿಗೆ ಕಾಣುವುದೇ ಇಲ್ಲ. ಅವು ಇರುವುದು ಮುಖ್ಯ, ಕಾಣುವುದಲ್ಲ. ನನಗೆ ಇದು ಆ ಉಪ್ಪರಿಗೆಯನ್ನು ವಿವರಿಸುತ್ತದೆ. ಹಾಡುವವರು ಬೆನ್ನ ಹಿಂದೆ ಇರುವುದರಿಂದ ಹಾಡು ಎದುರಿಗೆ ನಡೆಯುತ್ತಿರುವ ಕೆಲಸಕ್ಕೆ ಸೇರುತ್ತದೆ. ಆದರೆ ಇದನ್ನು ಹಿಗ್ಗಿಸಿ, ಮೊದಲು ಶುದ್ಧ ಪ್ರಾರ್ಥನೆ ಇತ್ತು, ಈಗ ಪ್ರವಾಸೋದ್ಯಮ ಬಂದು ಪ್ರದರ್ಶನವಾಯಿತು ಎಂದು ಕತೆ ಕಟ್ಟಲು ಮನಸ್ಸು ಬರುವುದಿಲ್ಲ. ಫಿಲ್‌ಹಾರ್ಮೋನಿಕ್ ಮಟ್ಟದ ವಾದ್ಯಗಳನ್ನು ಸಾಕುವ ಚಕ್ರವರ್ತಿ ದೇವರಿಗೆ ಮಾತ್ರ ಕೇಳಿಸಲಿ ಎಂದು ಸಾಕಿರುತ್ತಾನೆಯೇ? ಬಂದ ರಾಯಭಾರಿಗಳೂ ಕೇಳಲಿ ಎಂದಿರುತ್ತದೆ.

ನನಗೆ ಉತ್ತರ ಸಿಕ್ಕಿದ್ದು, ಅಥವಾ ಸಿಕ್ಕಿತು ಎನ್ನಿಸಿದ್ದು, ಚಾಪೆಲ್ಲಿನಲ್ಲಿ ಅಲ್ಲ, ಬಸ್ಸಿಗೆ ನಡೆದು ಹೋಗುವಾಗ. ಹೊರಗೆ ಬಂದ ಕೂಡಲೇ ಗೈಡ್ ತಲೆ ಎಣಿಸಿ “ಹೇಗಿತ್ತು?” ಎಂದಳು. ನನ್ನ ಪಕ್ಕ ಕೂತಿದ್ದವರು, ಸಭ್ಯ ಮನುಷ್ಯ, ಲೆಕ್ಕ ಹಾಕಿ ಹೇಳಿದರು: ಒಂದೂಕಾಲು ಗಂಟೆಯಲ್ಲಿ ಹಾಡು ಇಪ್ಪತ್ತೈದು ನಿಮಿಷ, ಹುಡುಗರು ಕಂಡದ್ದು ನಾಲ್ಕು ನಿಮಿಷ. ಎಲ್ಲರೂ ನಕ್ಕರು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಅವರಿಗೆ ಮಾರಿದ್ದು ಹಾಡು. ಅಲ್ಲಿ ಇದ್ದದ್ದು ಪೂಜೆ, ಹಾಡು ಅದರೊಳಗೆ ಇತ್ತು. ತರಕಾರಿ ಕೊಳ್ಳಲು ಹೋದವರನ್ನು ಮದುವೆಮನೆಗೆ ಕಳಿಸಿದ ಹಾಗೆ, ಊಟ ಸಿಕ್ಕರೂ ಮುಹೂರ್ತದ ಹೊತ್ತು ಅವರಿಗೆ ನಷ್ಟದ ಹೊತ್ತೇ. ಮುಂದಿನ ನಿಲ್ದಾಣ ಎಂಬುದೊಂದು ಇದ್ದುಬಿಟ್ಟರೆ ಎಲ್ಲಕ್ಕೂ ಅಳತೆ ಒಂದೇ ಆಗುತ್ತದೆ, ನಿಮಿಷ. ಅರ್ಥವಾಗದ ಪ್ರವಚನದಲ್ಲಿ ಸುಮ್ಮನೆ ಕೂತಿರುವುದು, ಪರಮಪ್ರಸಾದಕ್ಕೆ ಹೋದವರು ತಿರುಗಿ ಬರುವವರೆಗೆ ಕಾಯುವುದು, ಇವು ಆ ಲೆಕ್ಕದಲ್ಲಿ ಸೋರಿಕೆ. ನನಗಾದರೋ ಆ ಬೇಸರದ ಹತ್ತು ನಿಮಿಷದ ಕೊನೆಯಲ್ಲಿ ಬಂದ ಹುಡುಗರ ದನಿಯೇ ಇವತ್ತಿಗೂ ಕಿವಿಯಲ್ಲಿರುವುದು. ವಿಡಿಯೋದಲ್ಲಿರುವುದು ಬೇರೆ ಹಾಡು, ಅದರ ರಾಗ ನೆನಪಿಲ್ಲ.

ಹಾಗಾಗಿ ಪೂಜೆಗೆ ಬಂದ ಹೊರಗಿನವರಿಂದ ಕೇಳಬಹುದಾದದ್ದು ನಂಬಿಕೆಯಲ್ಲ, ಹೊತ್ತು. ಅಲ್ಲಿಯ ಕೆಲಸ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಅಷ್ಟು ಹೊತ್ತು ಇರುವುದು, ನಮಗಾಗಿ ಅಲ್ಲದ ಭಾಗದಲ್ಲೂ ಇರುವುದು. ಇದು ಕಷ್ಟದ ಬೇಡಿಕೆ, ಯಾಕೆಂದರೆ ಪ್ರವಾಸಿಯ ಹತ್ತಿರ ದುಡ್ಡಿಗಿಂತ ಕಡಿಮೆ ಇರುವುದು ಹೊತ್ತೇ. ಹಾಗೆ ನೋಡಿದರೆ ನಾವು ಕೂತ ಸೀಟಿನ ಬೆಲೆಯಿಂದ ಆ ಮುದುಕಿಗೆ ಏನೂ ಆಗಲಿಲ್ಲ. ಕೊನೆಯ ನಾಲ್ಕು ನಿಮಿಷಕ್ಕೆ ನಾವೆಲ್ಲ ಅವಳ ತಲೆಯ ಮೇಲೆ ಎದ್ದು ನಿಂತದ್ದರಿಂದ ಆಯಿತು.

ಇಷ್ಟು ಹೇಳಿ ನಾನು ಪಾರಾಗುವ ಹಾಗಿಲ್ಲ. ಬಸ್ಸಿಗೆ ಹೋಗುವ ದಾರಿಯಲ್ಲಿ ಆಗಸ್ಟಿನ್ ಚರ್ಚು ಸಿಗುತ್ತದೆ. ಹ್ಯಾಪ್ಸ್‌ಬರ್ಗ್ ಮನೆತನದವರ ಹೃದಯಗಳನ್ನು ಬೆಳ್ಳಿಯ ಕರಂಡಗಳಲ್ಲಿ ಇಟ್ಟಿರುವುದು ಅಲ್ಲಿ. ಗೈಡ್ ಅದನ್ನು ಚೆನ್ನಾಗಿ ವಿವರಿಸಿದಳು. ಭಾನುವಾರ 11 ಗಂಟೆಗೆ ಅದೇ ಚರ್ಚಿನಲ್ಲಿ ವಾದ್ಯವೃಂದದೊಂದಿಗೆ ದೊಡ್ಡ ಬಲಿಪೂಜೆ ನಡೆಯುತ್ತದೆ, ಟಿಕೆಟ್ ಇಲ್ಲ, ಕಾಣಿಕೆ ಬುಟ್ಟಿ ಬಂದಾಗ ಹಾಕಿದ್ದಷ್ಟು. ಅವಳು ಅದನ್ನು ಹೇಳಲಿಲ್ಲ. ಜನ ಒಳಗೆ ಹೋಗುತ್ತಿದ್ದರು, ಪಿಟೀಲುಗಳ ಶ್ರುತಿ ಕೇಳುತ್ತಿತ್ತು. ಬಾಗಿಲಿಗೆ ಅಂಟಿಸಿದ ಕಾಗದ ಓದಿದೆ. ಅರೆಗಳಿಗೆ ನಿಂತೆ. ಆಮೇಲೆ ಬಸ್ಸಿಗೂ ದುಡ್ಡು ಕೊಟ್ಟಿದ್ದೇನಲ್ಲ ಎಂದುಕೊಂಡು ಗುಂಪನ್ನು ಸೇರಿಕೊಂಡೆ. ರಿಂಗ್ ರಸ್ತೆ ಸುತ್ತಿದೆವು. 1857ರಲ್ಲಿ ಫ್ರಾನ್ಸ್ ಯೋಸೆಫ್ ಕೋಟೆಗೋಡೆ ಕೆಡವಲು ಆಜ್ಞೆ ಕೊಟ್ಟದ್ದು, ಒಪೆರಾ, ಸಂಸತ್ತು, ಪುರಭವನ, ಎಲ್ಲವೂ ಕಿವಿಗೆ ಹಾಕಿಕೊಂಡ ಸಾಧನದಲ್ಲಿ ಸರಿಯಾದ ವೇಳೆಗೆ ಬಂದವು.

ಈ ವರ್ಷದ ನೇಮಕ್ಕೆ ಹತ್ತಿರದ ಹೋಮ್‌ಸ್ಟೇಯಿಂದ ಒಂದು ಟೆಂಪೋ ಟ್ರಾವೆಲರಿನಲ್ಲಿ ಎಂಟು ಜನ ಬಂದಿದ್ದರು. ಒಬ್ಬ ಫೋನ್ ಎತ್ತಿ ಮುಂದೆ ಬಂದಾಗ ಈ ಸಲ ಜೋರು ಮಾಡಲಿಲ್ಲ. ಚಾಪೆ ತೋರಿಸಿ ಕೂರಲು ಹೇಳಿದೆ, ಎಷ್ಟು ಹೊತ್ತಿನವರೆಗೆ ಇರ್ತೀರಿ ಎಂದು ಕೇಳಿದೆ.

“ಹನ್ನೊಂದೂವರೆಗೆ ಗಾಡಿ ಹೊರಡುತ್ತೆ. ದೈವ ಎಷ್ಟು ಗಂಟೆಗೆ?”

ಅದನ್ನು ಹೇಳ್ಲಿಕ್ಕೆ ಆಗುವುದಿಲ್ಲ ಎಂದೆ. ಎಣ್ಣೆಬೂಳ್ಯ ಆಗಿತ್ತಷ್ಟೆ, ಬಣ್ಣ ಇನ್ನೂ ಶುರುವಾಗಿರಲಿಲ್ಲ. ಅವನು ಕೂತ. ಪಾಡ್ದನ ಕೇಳುತ್ತಾ ಎರಡು ಸಲ ಆಕಳಿಸಿದ. ಹನ್ನೊಂದೂವರೆಗೆ ಡ್ರೈವರ್ ಹಾರ್ನ್ ಹಾಕಿದಾಗ ಎದ್ದು ಬಂದು, ದೈವ ಬಂದ ಮೇಲೆ ಒಂದು ಚಿಕ್ಕ ವಿಡಿಯೋ ಮಾಡಿ ಕಳಿಸ್ತೀರಾ ಎಂದು ಕೇಳಿ ನಂಬರ್ ಕೊಟ್ಟ. ಅಂಗಳಕ್ಕೆ ದೈವ ಬಂದಾಗ ಒಂದು ಗಂಟೆ ದಾಟಿತ್ತು. ಫೋನ್ ಜೇಬಿನಲ್ಲೇ ಇತ್ತು. ಅವನ ನಂಬರ್ ಇನ್ನೂ ಅಳಿಸಿಲ್ಲ.