ತೀರ್ಪಿನ ರುಚಿ



ರಾತ್ರಿಯ ಊಟ ಮುಗಿದಿದೆ. ಮನೆಮಂದಿಯೆಲ್ಲ ಟಿ.ವಿ.ಯ ಮುಂದೆ ಸೇರಿದ್ದಾರೆ. ಪರದೆಯ ಮೇಲೆ ಒಂದು ನ್ಯಾಯಾಲಯ. ಕಟಕಟೆಯಲ್ಲಿ ನಿಂತ ಸಾಕ್ಷಿಯ ಹಣೆಯಲ್ಲಿ ಬೆವರು. ಕರಿಕೋಟಿನ ವಕೀಲರು ನಿಧಾನವಾಗಿ ಹತ್ತಿರ ಬಂದು ಕೊನೆಯ ಪ್ರಶ್ನೆ ಕೇಳುತ್ತಾರೆ. ಸಾಕ್ಷಿ ತಡವರಿಸುತ್ತಾನೆ. ‘ಸಿಕ್ಕಿಬಿದ್ದ!’ ಎಂದು ಮೂಲೆಯಲ್ಲಿ ಕುಳಿತ ಅಜ್ಜಿಯೂ ಹೇಳಿಬಿಡುತ್ತಾರೆ. ಇದು ನಿಮ್ಮ ಮನೆಯ ದೃಶ್ಯವಾಗಿದ್ದರೆ ಸಂಕೋಚಪಡಬೇಕಾಗಿಲ್ಲ. ನಮ್ಮ ಮನೆಯದ್ದೂ ಇದೇ.

ನ್ಯಾಯಾಲಯದ ಕತೆಗಳಲ್ಲಿ ಅಂಥದ್ದೇನಿದೆ? ಅಮೆರಿಕದ ವಕೀಲ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ 1933ರಲ್ಲಿ ಪೆರಿ ಮೇಸನ್ ಎಂಬ ವಕೀಲನ ಮೊದಲ ಕಾದಂಬರಿ ಬರೆದರು. ಆ ಪಾತ್ರದ ಕಾದಂಬರಿಗಳು ಎಂಬತ್ತನ್ನು ದಾಟಿದವು. ಪುಸ್ತಕದಿಂದ ಅವನು ರೇಡಿಯೋಗೆ, ಅಲ್ಲಿಂದ ಟಿ.ವಿ.ಗೆ ಬಂದ. ನಮ್ಮ ಕನ್ನಡದಲ್ಲಿ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ವಕೀಲ ಸಿ.ಎಸ್.ಪಿ. ಕೋರ್ಟಿಗೆ ಬಂದರೆ ಮನೆಗಳಲ್ಲಿ ಮಾತು ನಿಲ್ಲುತ್ತಿತ್ತು. ಬಿ.ಆರ್. ಚೋಪ್ರಾ 1960ರಲ್ಲಿ ‘ಕಾನೂನ್’ ಎಂಬ ಹಿಂದಿ ಚಿತ್ರ ತೆಗೆದಾಗ ಅದರಲ್ಲಿ ಒಂದು ಹಾಡನ್ನೂ ಇಡಲಿಲ್ಲ. ವಾದ-ಪ್ರತಿವಾದಗಳೇ ಜನರನ್ನು ಹಿಡಿದಿಟ್ಟವು.

ಈ ಆಕರ್ಷಣೆಯನ್ನು ಹೀಗಳೆಯಲು ನಾನು ಹೊರಟಿಲ್ಲ. ಅದರ ಬುಡದಲ್ಲಿ ಒಂದು ಒಳ್ಳೆಯ ಹಸಿವಿದೆ. ಬದುಕಿನಲ್ಲಿ ಅನ್ಯಾಯ ಮಾಡಿದವನು ರಾಜಾರೋಷವಾಗಿ ತಿರುಗುತ್ತಾನೆ. ಅನ್ಯಾಯಕ್ಕೊಳಗಾದವನ ಕಡತ ವರ್ಷಗಟ್ಟಲೆ ಧೂಳು ತಿನ್ನುತ್ತದೆ. ಕತೆಯಲ್ಲಾದರೋ ಬಡವನ ಮಾತಿಗೂ ಒಂದು ಸರದಿ ಬರುತ್ತದೆ, ಸುಳ್ಳು ಎಲ್ಲರೆದುರು ಬಯಲಾಗುತ್ತದೆ. ಸತ್ಯ ಗೆಲ್ಲಬೇಕೆಂಬ ಬಯಕೆಯನ್ನು ಮನುಷ್ಯನ ಹೃದಯದಲ್ಲಿ ಇಟ್ಟವನು ಅಲ್ಲಾಹನೇ ಅಲ್ಲವೇ?

ಆದರೆ ಯೋಚಿಸಿ ನೋಡಿ. ಇಂಥ ಹೆಚ್ಚಿನ ಕತೆಗಳಲ್ಲಿ ಅಪರಾಧಿ ಯಾರೆಂದು ನಮಗೆ ಮೊದಲೇ ತೋರಿಸಿರುತ್ತಾರೆ, ಇಲ್ಲವೇ ಕೊನೆಯಲ್ಲಿ ತೋರಿಸಿಯೇ ತೋರಿಸುತ್ತಾರೆ. ನ್ಯಾಯಾಧೀಶರಿಗೆ ಗೊತ್ತಿಲ್ಲದ್ದು ಸೋಫಾದಲ್ಲಿ ಕುಳಿತ ನಮಗೆ ಗೊತ್ತಿರುತ್ತದೆ. ಆದ್ದರಿಂದ ನಮ್ಮ ತೀರ್ಪು ಒಮ್ಮೆಯೂ ತಪ್ಪುವುದಿಲ್ಲ. ಹೀಗೆ ತಪ್ಪದೆ ತೀರ್ಪು ನೀಡಿ ನೀಡಿ ನಾಲಗೆಗೆ ಒಂದು ರುಚಿ ಹತ್ತುತ್ತದೆ. ಟಿ.ವಿ. ಆರಿಸಿದ ಮೇಲೆಯೂ ಆ ರುಚಿ ಹೋಗುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮಕ್ಕಳ ಪ್ರವಾಸಕ್ಕೆಂದು ಸಂಗ್ರಹಿಸಿದ ಹಣದ ಲಕೋಟೆ ನನ್ನ ಮೇಜಿನಿಂದ ಕಾಣೆಯಾಯಿತು. ಊಟದ ಬಿಡುವಿನಲ್ಲಿ ಒಬ್ಬ ಹುಡುಗ ಒಂಟಿಯಾಗಿ ಆ ಕೋಣೆಗೆ ಹೋಗಿದ್ದನೆಂದು ಯಾರೋ ಹೇಳಿದರು. ಅವನನ್ನು ತರಗತಿಯ ಮುಂದೆ ನಿಲ್ಲಿಸಿ ಪ್ರಶ್ನೆಗಳನ್ನು ಹಾಕಿದೆ. ಯಾಕೆ ಹೋಗಿದ್ದೆ? ಸೀಮೆಸುಣ್ಣಕ್ಕೆ ಎಂದ. ಸೀಮೆಸುಣ್ಣ ಎಲ್ಲಿ? ಇಲ್ಲ, ನೀರು ಕುಡಿಯಲು ಎಂದ. ನೀರಿನ ಕೊಡ ಹೊರಗಿದೆಯಲ್ಲ? ಅವನು ತಲೆ ತಗ್ಗಿಸಿದ. ಮಕ್ಕಳು ನಕ್ಕರು. ನಾನು ಗೆದ್ದಿದ್ದೆ.

ಎರಡು ದಿನಗಳ ಬಳಿಕ ಲಕೋಟೆ ನನ್ನದೇ ಹಾಜರಿ ಪುಸ್ತಕದ ಹೊದಿಕೆಯೊಳಗೆ ಸಿಕ್ಕಿತು. ಇಟ್ಟವನು ನಾನೇ. ಹುಡುಗ ಕೋಣೆಗೆ ಹೋದದ್ದು ಕನ್ನಡ ಪರೀಕ್ಷೆಯಲ್ಲಿ ತನಗೆಷ್ಟು ಅಂಕ ಬಂದಿದೆಯೆಂದು ಕದ್ದು ನೋಡಲು. ಹೇಳಲು ಹೆದರಿ ಸುಳ್ಳು ಹೇಳಿದ್ದ. ತರಗತಿಯ ಮುಂದೆಯೇ ಅವನ ಕ್ಷಮೆ ಕೇಳಿದೆ. ಅವನು ಕ್ಷಮಿಸಿದ. ಆದರೆ ಆ ವರ್ಷವಿಡೀ ನನ್ನ ಪಾಠದಲ್ಲಿ ಒಮ್ಮೆಯೂ ಕೈ ಎತ್ತಲಿಲ್ಲ. ಇಂದಿಗೂ ನನ್ನನ್ನು ನಾಚಿಸುವುದು ನಾನು ತಪ್ಪಿದೆನೆಂಬುದಕ್ಕಿಂತಲೂ ಆ ಪ್ರಶ್ನೆಗಳನ್ನು ಕೇಳುವಾಗ ನನಗೆ ಸಂತೋಷವಾಗುತ್ತಿತ್ತು ಎಂಬುದು.

ಒಬ್ಬ ವ್ಯಕ್ತಿ ಸುಳ್ಳು ಹೇಳಿದನೆಂದ ಮಾತ್ರಕ್ಕೆ ಅವನೇ ಕಳ್ಳನಾಗುವುದಿಲ್ಲ. ಕಣ್ಣಾರೆ ಕಂಡದ್ದೂ ಕೆಲವೊಮ್ಮೆ ಮೋಸ ಮಾಡುತ್ತದೆ. ಮೇಲೆ ಹೇಳಿದ ‘ಕಾನೂನ್’ ಚಿತ್ರದ ತಿರುಳು ಇದೇ. ಅದರಲ್ಲಿ ನ್ಯಾಯಾಧೀಶರೊಬ್ಬರು ಕೊಲೆ ಮಾಡುವುದನ್ನು ಒಬ್ಬ ವಕೀಲ ಕಣ್ಣಾರೆ ನೋಡುತ್ತಾನೆ, ನಾವೂ ನೋಡುತ್ತೇವೆ. ಕೊನೆಗೆ ತಿಳಿಯುತ್ತದೆ, ಕೊಲೆಗಾರ ಅವರನ್ನೇ ಹೋಲುವ ಬೇರೊಬ್ಬ.

1957ರ ‘ಟ್ವೆಲ್ವ್ ಆ್ಯಂಗ್ರಿ ಮೆನ್’ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದಿದೆ. 1986ರಲ್ಲಿ ಬಾಸು ಚಟರ್ಜಿ ಅದನ್ನು ‘ಏಕ್ ರುಕಾ ಹುವಾ ಫೈಸ್ಲಾ’ ಎಂದು ಹಿಂದಿಗೆ ತಂದರು. ತಂದೆಯನ್ನು ಕೊಂದ ಆರೋಪ ಹೊತ್ತ ಹುಡುಗನ ಬಗ್ಗೆ ಹನ್ನೆರಡು ಮಂದಿ ತೀರ್ಮಾನಿಸಬೇಕು. ಹನ್ನೊಂದು ಮಂದಿ ಕೂಡಲೇ ಅಪರಾಧಿ ಎನ್ನುತ್ತಾರೆ. ಹನ್ನೆರಡನೆಯವನು ಹುಡುಗ ನಿರಪರಾಧಿ ಎಂದು ಹೇಳುವುದಿಲ್ಲ. ಒಂದು ಜೀವದ ಪ್ರಶ್ನೆ, ಸ್ವಲ್ಪ ಹೊತ್ತು ಮಾತಾಡೋಣ ಎನ್ನುತ್ತಾನೆ, ಅಷ್ಟೇ. ಕೊಲೆ ಮಾಡಿದವರು ಯಾರೆಂದು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ನಿಜ ಜೀವನದಲ್ಲಿ ನಾವಿರುವುದೂ ಅದೇ ಕೋಣೆಯಲ್ಲಿ, ಓದುಗರೇ. ನಮಗೆ ಯಾರೂ ಹಿಂದಿನ ದೃಶ್ಯವನ್ನು ತೋರಿಸುವುದಿಲ್ಲ.

ಹಿಂದಿನ ದೃಶ್ಯ ನೋಡದ ಜನ ಕತೆಗೆ ಮರುಳಾದರೆ ಏನಾಗುತ್ತದೆ? 1959ರಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ತನ್ನ ಪತ್ನಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ. ಪತ್ರಿಕೆಯೊಂದು ಅವನನ್ನು ನಾಯಕನನ್ನಾಗಿ ಮಾಡಿತು, ಜನ ಜಯಕಾರ ಹಾಕಿದರು. ಜ್ಯೂರಿಯಲ್ಲಿ ಎಂಟು ಮಂದಿ ನಿರ್ದೋಷಿ ಎಂದರು, ಒಬ್ಬರು ಮಾತ್ರ ಒಪ್ಪಲಿಲ್ಲ. ಹೈಕೋರ್ಟು ಸಾಕ್ಷ್ಯಗಳನ್ನು ಪರಿಶೀಲಿಸಿ ಅವನು ಕೊಲೆ ಅಪರಾಧಿ ಎಂದಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಚಪ್ಪಾಳೆಯ ಸದ್ದು ಸಾಕ್ಷ್ಯವಲ್ಲ.

ಪ್ರವಾದಿವರ್ಯರು(ಸ) ಈ ಅಪಾಯವನ್ನು ಎಷ್ಟು ಸ್ಪಷ್ಟವಾಗಿ ತಿಳಿಸಿದ್ದಾರೆ! ತಾವೂ ಒಬ್ಬ ಮನುಷ್ಯ, ವ್ಯಾಜ್ಯ ತರುವವರಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಚೆನ್ನಾಗಿ ವಾದಿಸಬಲ್ಲನು, ಕೇಳಿದ ಮಾತಿನ ಮೇಲೆ ತಾವು ತೀರ್ಪು ನೀಡುವುದರಿಂದ ಸಹೋದರನ ಹಕ್ಕು ತಪ್ಪಿ ತನ್ನ ಪಾಲಿಗೆ ಬಂದರೆ ಅದನ್ನು ತೆಗೆದುಕೊಳ್ಳಬಾರದು, ಅದು ಬೆಂಕಿಯ ತುಂಡು ಎಂದು ಎಚ್ಚರಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಈ ವರದಿಯಿದೆ. ಅಲ್ಲಾಹನ ಸಂದೇಶವಾಹಕರೇ ಹೀಗೆ ಹೇಳಿದ ಮೇಲೆ ಅರ್ಧ ಮಾತು ಕೇಳಿ ಪೂರ್ಣ ತೀರ್ಪು ಕೊಡಲು ನಾವು ಯಾರು? ಗೋಡೆ ಹತ್ತಿ ಬಂದ ಇಬ್ಬರಲ್ಲಿ ತೊಂಬತ್ತೊಂಬತ್ತು ಕುರಿಗಳ ದೂರು ಹೇಳಿದವನ ಮಾತಿಗೆ ಹ. ದಾವೂದ್(ಅ) ಕೂಡಲೇ ಉತ್ತರಿಸಿ, ಬಳಿಕ ಅದು ಪರೀಕ್ಷೆಯೆಂದು ಅರಿತು ಸಾಷ್ಟಾಂಗವೆರಗಿದ ಪ್ರಸಂಗ ಕುರ್‌ಆನಿನಲ್ಲಿದೆ. ಒಂದೇ ಪಕ್ಷದ ಮಾತು ಕೇಳಿ ತೀರ್ಮಾನಿಸಬಾರದೆಂಬ ಪಾಠವನ್ನು ಅನೇಕ ವಿದ್ವಾಂಸರು ಇದರಲ್ಲಿ ಕಂಡಿದ್ದಾರೆ.

ನಮ್ಮ ಮನೆಗಳಲ್ಲಿ ದಿನಕ್ಕೆಷ್ಟು ನ್ಯಾಯಾಲಯಗಳು ಕೂಡುತ್ತವೆ! ಸೊಸೆ ತವರಿಗೆ ಹೋದಳು, ಕಾರಣ ಏನು? ನೆರೆಯವನು ಹೊಸ ಮನೆ ಕಟ್ಟಿದ, ಹಣ ಎಲ್ಲಿಂದ? ಯಾರದೋ ಮಗಳ ಬಗ್ಗೆ ಮೊಬೈಲಿಗೆ ಒಂದು ಸಂದೇಶ ಬಂತು. ಆರೋಪಿ ಹಾಜರಿಲ್ಲ, ಅವರ ಪರ ವಕೀಲರಿಲ್ಲ, ಮೇಲ್ಮನವಿಯೂ ಇಲ್ಲ. ಚಹಾ ಆರುವುದರೊಳಗೆ ತೀರ್ಪು ಹೊರಬೀಳುತ್ತದೆ. ಆ ತೀರ್ಪನ್ನು ಹೊತ್ತು ಬದುಕಬೇಕಾದವರು ಬೇರೆಯವರು.

ಆದ್ದರಿಂದ ನ್ಯಾಯಾಲಯದ ಕತೆ ನೋಡಿದ ರಾತ್ರಿ ಒಂದು ಕೆಲಸ ಮಾಡಿ. ಇತ್ತೀಚೆಗೆ ನೀವು ಯಾರ ಮೇಲೆ ತೀರ್ಪು ಕೊಟ್ಟಿದ್ದೀರಿ ಎಂದು ನೆನಪಿಸಿಕೊಳ್ಳಿ. ಅವರ ಮಾತು ಕೇಳಿದ್ದೀರಾ? ಕೇಳಿಲ್ಲವಾದರೆ ಕಡತ ಇನ್ನೂ ತೆರೆದಿದೆ ಎಂದು ತಿಳಿಯಿರಿ. ನಾಳೆ ಅವರ ಮನೆಗೆ ಹೋಗಿ ಸಲಾಮ್ ಹೇಳಿ. ಅವರು ಹೇಳಿದ್ದನ್ನು ಕೇಳಿ.

ವಾಕ್ಚಾತುರ್ಯ ನಡೆಯದ ಒಂದು ನ್ಯಾಯಾಲಯ ನಮ್ಮೆಲ್ಲರಿಗೂ ಕಾದಿದೆ. ಅಲ್ಲಿ ಬಾಯಿಗೆ ಮುದ್ರೆ ಬೀಳುತ್ತದೆ, ಕೈಕಾಲುಗಳು ಸಾಕ್ಷಿ ನುಡಿಯುತ್ತವೆ. ಆ ದಿನ ನ್ಯಾಯಪೀಠದಲ್ಲಿ ಕುಳಿತಿರುವವರು ನಾವಲ್ಲ. ಇತರರ ವಿಷಯದಲ್ಲಿ ಅವಸರಪಡದ ನಾಲಗೆಯನ್ನೂ ತನ್ನ ವಿಷಯದಲ್ಲಿ ಕಠಿಣವಾದ ಮನಸ್ಸಾಕ್ಷಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.