ಎದುರು ಕೂತವನಿಗಾಗಿ ಪ್ರಾರ್ಥನೆ ಮಾಡೋಕಾಗುತ್ತಾ?

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಇವತ್ತಿನ ವಾಕ್ಯಭಾಗ ಎಫೆಸದವರಿಗೆ 4:28. ತೆಗೆದು ಇಟ್ಟುಕೊಂಡಿರಿ, ಆಮೇಲೆ ನೋಡೋಣ. ಮೊದಲು ಒಂದು ಪ್ರಶ್ನೆ. ಪ್ರಶ್ನೆ ನನ್ನದಲ್ಲ, ನಮ್ಮ ಸಭೆಯ ಒಬ್ಬ ತಮ್ಮನದು. ಹೆಸರು ಹೇಳಲ್ಲ. ಅವನ ಒಪ್ಪಿಗೆ ತೆಗೆದುಕೊಂಡೇ ಮಾತಾಡ್ತಾ ಇದ್ದೇನೆ.

2024ರಲ್ಲಿ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವನು ನನ್ನ ಕೈಗೆ ಒಂದು ಕವರ್ ಕೊಟ್ಟ. "ಅಣ್ಣಾ, ದಶಮಾಂಶ" ಅಂದ. ಕವರ್ ದಪ್ಪ ಇತ್ತು. ನಲವತ್ತು ಸಾವಿರ. "ಏನಪ್ಪಾ, ಬೋನಸ್ ಬಂತಾ?" ಅಂತ ಕೇಳಿದೆ. "ಇಲ್ಲಣ್ಣ, ಆನ್‌ಲೈನ್ ಪೋಕರ್. ಮೂರು ತಿಂಗಳಲ್ಲಿ ನಾಲ್ಕು ಲಕ್ಷ ಬಂತು. ತಪ್ಪೇನೂ ಇಲ್ವಲ್ಲಾ?" ಅಂದ. ಆ ತಿಂಗಳು ನಮ್ಮ ಹಾಲ್ ಬಾಡಿಗೆ ಬಾಕಿ ಇತ್ತು, ದೇವಜನರೇ. ನಾನು ಹೇಳಿದ್ದು ಇಷ್ಟು: "ಕೋರ್ಟೇ ಅದನ್ನ ಬುದ್ಧಿಯ ಆಟ ಅಂದಿದೆಯಲ್ಲಪ್ಪ." ಕವರ್ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದೆ. ತೆಗೆದುಕೊಂಡೆ.

ಆಮೇಲೆ 2025ರ ಆಗಸ್ಟ್ ಬಂತು. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೆಲ್ಲ ನಿಲ್ಲಿಸೋ ಕಾನೂನು ಪಾರ್ಲಿಮೆಂಟಿನಲ್ಲಿ ಪಾಸಾಯಿತು, 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತ ಆಯಿತು. ಆಪ್‌ಗಳಲ್ಲಿ ಆಟ ನಿಂತಿತು. ಅವನು ಬಂದು ಕೇಳಿದ: "ಅಣ್ಣಾ, 21ನೇ ತಾರೀಕಿನವರೆಗೆ ಪಾಪ ಅಲ್ಲ, 22ರಿಂದ ಪಾಪನಾ?" ನಗಬೇಡಿ, ಒಳ್ಳೇ ಪ್ರಶ್ನೆ. ನಮ್ಮ ಕರ್ನಾಟಕದಲ್ಲೇ ನೋಡಿ. 2021ರ ಅಕ್ಟೋಬರಿನಲ್ಲಿ ಸರ್ಕಾರ ಇದನ್ನ ನಿಷೇಧ ಮಾಡಿತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ನಿಷೇಧವನ್ನ ರದ್ದು ಮಾಡಿತು. ಪಾಪ ಅನ್ನೋದು ಹೀಗೆ ಗೆಜೆಟ್ ನೋಡಿಕೊಂಡು ಬಂದು ಹೋಗಿ ಮಾಡುತ್ತಾ? ಕಾನೂನಿಗೆ ಅಧೀನರಾಗಿರಬೇಕು, ರೋಮಾಪುರದವರಿಗೆ 13 ನಮಗೆ ಗೊತ್ತು. ಆದರೆ ಅವನು ಕೇಳಿದ್ದು ಅದಲ್ಲ.

ನಾನು ಸುಲಭದ ದಾರಿ ಹಿಡಿದೆ. ಯೂತ್ ಮೀಟಿಂಗಿನಲ್ಲಿ ಸ್ಟೂ ಅಂಗರ್ ಕಥೆ ಹೇಳಿದೆ. ನ್ಯೂಯಾರ್ಕಿನ ಹುಡುಗ, 1953ರಲ್ಲಿ ಹುಟ್ಟಿದವನು. ಜಿನ್ ರಮ್ಮಿಯಲ್ಲಿ ಅವನೆದುರು ಕೂರೋಕೆ ಯಾರೂ ಒಪ್ಪದಷ್ಟು ಚುರುಕು. ಅದಕ್ಕೇ ಪೋಕರ್‌ಗೆ ಬಂದ. ಲಾಸ್ ವೇಗಸ್‌ನಲ್ಲಿ ನಡೆಯೋ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯವನ್ನ 1980, 1981, 1997, ಮೂರು ಸಲ ಗೆದ್ದ. ಕೊನೇ ಸಲ ಬಹುಮಾನ ಹತ್ತು ಲಕ್ಷ ಡಾಲರ್. ಮರುವರ್ಷ ನವೆಂಬರಿನಲ್ಲಿ ಅಗ್ಗದ ಮೋಟೆಲ್ ರೂಮಿನಲ್ಲಿ ಹೆಣವಾಗಿ ಸಿಕ್ಕ. ವಯಸ್ಸು 45. ಹತ್ತಿರ ಇದ್ದದ್ದು 800 ಡಾಲರ್. ಶವಸಂಸ್ಕಾರಕ್ಕೆ ಜನ ಚಂದಾ ಎತ್ತಿದರು.

ಎಲ್ಲರೂ ಗಂಭೀರ ಆದರು. ನನಗೆ ಒಳಗೊಳಗೇ ಸಂತೋಷ, ಪ್ರಸಂಗ ಚೆನ್ನಾಗಿ ನಾಟಿತು ಅಂತ. ಈ ತಮ್ಮ ಮಾತ್ರ ಕೊನೇಲಿ ಹತ್ತಿರ ಬಂದ. "ಅಣ್ಣಾ, ಅವನನ್ನ ಕೊಂದಿದ್ದು ಕೊಕೇನ್. 1980ರ ಫೈನಲ್‌ನಲ್ಲಿ ಅವನೆದುರು ಕೂತು ಸೋತರಲ್ಲ, ಡಾಯ್ಲ್ ಬ್ರನ್ಸನ್, ಅವರ ಕಥೆ ಯಾಕೆ ಹೇಳಲಿಲ್ಲ?"

ಹೇಳಲಿಲ್ಲ ಯಾಕಂದ್ರೆ ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಓದಿದೆ. ಓದ್ತಾ ಓದ್ತಾ ನನ್ನ ಪ್ರಸಂಗ ನನ್ನ ಕೈಯಲ್ಲೇ ಮುರಿದುಬಿತ್ತು.

ಬ್ರನ್ಸನ್ ಹುಟ್ಟಿದ್ದು 1933ರಲ್ಲಿ, ಅಮೆರಿಕದ ಟೆಕ್ಸಸ್ ರಾಜ್ಯದ ಲಾಂಗ್‌ವರ್ತ್ ಅನ್ನೋ ಪುಟ್ಟ ಊರಿನಲ್ಲಿ. ಓಟಗಾರ, ಬ್ಯಾಸ್ಕೆಟ್‌ಬಾಲ್ ಆಟಗಾರ. ಓದಿದ್ದು ಹಾರ್ಡಿನ್ ಸಿಮನ್ಸ್ ಅನ್ನೋ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯದಲ್ಲಿ. ದೊಡ್ಡ ತಂಡಕ್ಕೆ ಆಡೋ ಕನಸಿತ್ತು. ಬೇಸಿಗೆ ರಜೆಯ ಕೆಲಸದಲ್ಲಿ ಜಿಪ್ಸಮ್ ಹಲಗೆಗಳ ರಾಶಿ ಕಾಲಿನ ಮೇಲೆ ಬಿತ್ತು, ಕಾಲು ಮುರಿಯಿತು, ಕನಸು ಮುಗಿಯಿತು. ಶಿಕ್ಷಣದಲ್ಲಿ ಮಾಸ್ಟರ್ಸ್ ಮಾಡಿದರು. ಆಫೀಸ್ ಯಂತ್ರಗಳನ್ನ ಮಾರೋ ಕೆಲಸಕ್ಕೆ ಸೇರಿದರು. ಆ ಕೆಲಸದ ಮೊದಲ ದಿನಾನೇ ಒಂದು ಕಡೆ ಇಸ್ಪೀಟಿಗೆ ಕೂತು, ಕೆಲವೇ ಗಂಟೆಯಲ್ಲಿ ತಿಂಗಳ ಸಂಬಳಕ್ಕಿಂತ ಹೆಚ್ಚು ಗೆದ್ದರು. ಅಲ್ಲಿಂದ ಟೆಕ್ಸಸ್‌ನ ಹಿಂಬದಿ ಕೋಣೆಗಳ ಆಟ. ಕಾನೂನುಬಾಹಿರ. ಗೆದ್ದ ದುಡ್ಡನ್ನ ಪಿಸ್ತೂಲು ತೋರಿಸಿ ಕಿತ್ತುಕೊಳ್ಳೋರು ಬಾಗಿಲಲ್ಲೇ ಕಾಯ್ತಿದ್ದ ಕಾಲ.

1962ರಲ್ಲಿ ಲೂಯಿಸ್ ಅನ್ನೋ ಫಾರ್ಮಸಿಸ್ಟ್ ಜೊತೆ ಮದುವೆ. ಕೆಲವೇ ತಿಂಗಳಲ್ಲಿ ಕತ್ತಿನಲ್ಲಿ ಗಡ್ಡೆ, ಕ್ಯಾನ್ಸರ್. ಹೆಂಡತಿ ಬಸುರಿ. ಬದುಕಲ್ಲ ಅನ್ನೋ ಸ್ಥಿತಿ. ಲೂಯಿಸ್ ಅವರ ಸ್ನೇಹಿತರು ಪ್ರಾರ್ಥನೆಗೆ ಕೂತರು. ಕ್ಯಾನ್ಸರ್ ಹೋಯಿತು. ಅದು ಪ್ರಾರ್ಥನೆಗೆ ಬಂದ ಉತ್ತರ ಅಂತ ಆ ಕುಟುಂಬ ಕೊನೇವರೆಗೂ ಸಾಕ್ಷಿ ಹೇಳಿತು. ಇದು ನಮ್ಮ ವೇದಿಕೆಯಲ್ಲಿ ಹೇಳಿದ ಸಾಕ್ಷಿ ಆಗಿದ್ದರೆ ನೀವೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದಿರಿ.

ಆಮೇಲೆ ಆ ಮನುಷ್ಯ ಏನು ಮಾಡಿದರು? ವಾಪಸ್ ಪೋಕರ್ ಮೇಜಿಗೆ ಹೋದರು. ವಾಸಿಯಾದ ಮೇಲೆ ಸತತ 54 ಸಲ ಗೆದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. 1976, 1977, ಎರಡು ವರ್ಷ ಮುಖ್ಯ ಪಂದ್ಯ ಗೆದ್ದರು. ಎರಡೂ ಸಲ ಕೊನೇ ಕೈಯಲ್ಲಿ ಇದ್ದದ್ದು ಹತ್ತು ಮತ್ತು ಎರಡು. ಇವತ್ತಿಗೂ ಆಟಗಾರರು ಆ ಜೋಡಿಗೆ ಅವರ ಹೆಸರೇ ಹೇಳೋದು. 1982ರಲ್ಲಿ ಹದಿನೆಂಟು ವರ್ಷದ ಮಗಳು ಡಾಯ್ಲಾ ಹೃದಯದ ತೊಂದರೆಯಿಂದ ತೀರಿಹೋದಳು. ಆ ದುಃಖದಲ್ಲಿ ಅವರು ವಾಕ್ಯದ ಕಡೆ ಗಂಭೀರವಾಗಿ ತಿರುಗಿದರು. ನೋಹನ ನಾವೆ ಹುಡುಕೋರಿಗೂ ದುಡ್ಡು ಹಾಕಿದರು! (ಆ ದುಡ್ಡೂ ಮುಳುಗಿತು ಅನ್ನಿ.) ಒಬ್ಬಳೇ ಹೆಂಡತಿ, ಅರವತ್ತು ವರ್ಷದ ದಾಂಪತ್ಯ. ಮಾತು ಕೊಟ್ಟರೆ ತಪ್ಪಲ್ಲ ಅಂತ ಹೆಸರು. 2023ರ ಮೇ 14ರಂದು ತೀರಿಕೊಂಡರು, 89 ವರ್ಷಕ್ಕೆ. ವಿಶ್ವಾಸಿ. ಪೋಕರ್ ಆಟಗಾರ. ಎರಡೂ.

ಈಗ ಹೇಳಿ ಪ್ರಿಯರೇ. ಅಂಗರ್ ಹಾಳಾದ್ದರಿಂದ ಪೋಕರ್ ತಪ್ಪು ಅಂದರೆ, ಬ್ರನ್ಸನ್ ಬಾಳಿದ್ದರಿಂದ ಪೋಕರ್ ಸರಿ ಅನ್ನಬೇಕಾಗುತ್ತೆ. ನಮ್ಮ ಪೆಂಟೆಕೋಸ್ಟ್ ಜನರಲ್ಲಿ ಇದೊಂದು ಅಭ್ಯಾಸ. ಬಾಗಿಲು ತೆರೆದರೆ ದೇವರ ಚಿತ್ತ, ಮುಚ್ಚಿದರೆ ದೇವರ ಚಿತ್ತ ಅಲ್ಲ. ವೀಸಾ ಬಂತು, ಸ್ತೋತ್ರ. ಆದರೆ ಯೇಸುಸ್ವಾಮಿ ಹತ್ತು ಮಂದಿ ಕುಷ್ಠರೋಗಿಗಳನ್ನ ವಾಸಿಮಾಡಿದಾಗ ಒಬ್ಬನೇ ತಿರುಗಿ ಬಂದ. ಉಳಿದ ಒಂಬತ್ತು ಮಂದಿಯ ಚರ್ಮಕ್ಕೆ ಮತ್ತೆ ರೋಗ ಬಂತು ಅಂತ ಲೂಕನು ಬರೆದಿಲ್ಲ. ವಾಸಿ ಮಾಡೋದು ದೇವರ ಕರುಣೆ, ಅದು ನಾವು ಮಾಡೋ ಕೆಲಸಕ್ಕೆ ಆತನು ಕೊಟ್ಟ ಸರ್ಟಿಫಿಕೇಟ್ ಅಲ್ಲ.

ಹಾಗಾದ್ರೆ ಯಾವ ಆಧಾರದ ಮೇಲೆ ಮಾತಾಡೋಣ? ಶಿಲುಬೆಯ ಕೆಳಗೆ ಸೈನಿಕರು ಚೀಟು ಹಾಕಿದರು, ಆದ್ದರಿಂದ ಪಾಪ ಅನ್ನೋರಿದ್ದಾರೆ. ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯದಲ್ಲಿ ಶಿಷ್ಯರೂ ಚೀಟು ಹಾಕಿದ್ದಾರೆ. ಪೋಕರ್ ಅನ್ನೋ ಪದಕ್ಕೆ ಬೈಬಲಿನಲ್ಲಿ ವಚನ ಹುಡುಕಬೇಡಿ, ಸಿಗಲ್ಲ.

ಈಗ ಎಫೆಸದವರಿಗೆ 4:28 ನೋಡಿ. ಕದಿಯುತ್ತಿದ್ದವನು ಇನ್ನು ಕದಿಯೋದು ಬಿಡಲಿ ಅಂತ ಹೇಳಿ ಪೌಲನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲ್ಲ. ಕೈಯಾರೆ ದುಡಿದು ಒಳ್ಳೇದನ್ನ ಮಾಡಲಿ, ಇಲ್ಲದವನಿಗೆ ಕೊಡೋಕೆ ಅವನ ಹತ್ತಿರ ಏನಾದರೂ ಇರಲಿ ಅಂತಾನೆ. ದುಡಿಮೆ ಅನ್ನೋದು ಇನ್ನೊಬ್ಬನ ಕಡೆ ಮುಖ ಮಾಡಿದೆ.

ಪೋಕರ್ ಕಳ್ಳತನ ಅಲ್ಲ. ಕೂತವರೆಲ್ಲ ಒಪ್ಪಿಯೇ ಕೂತಿರ್ತಾರೆ. ಅದೃಷ್ಟ ಮಾತ್ರಾನೂ ಅಲ್ಲ, ದೊಡ್ಡ ಕೌಶಲ ಇದೆ, ಒಪ್ಪಿಕೊಳ್ತೀನಿ. ಆದರೆ ಆ ಮೇಜಿನ ಮೇಲೆ ರಾತ್ರಿಯೆಲ್ಲ ಆಡಿದರೂ ಒಂದು ರೂಪಾಯಿ ಹುಟ್ಟಲ್ಲ. ಇರೋದೇ ಕೈ ಬದಲಾಗುತ್ತೆ. ಆಡಿಸುವವರು ಒಂದು ಪಾಲು ಮುರಿದುಕೊಳ್ತಾರೆ, ಅದಕ್ಕೆ ರೇಕ್ ಅಂತ ಹೆಸರು. ಅಲ್ಲಿಗೆ ಇದ್ದದ್ದೂ ಕಡಿಮೆ ಆಯಿತು. ಮತ್ತೆ ಆ ಕೌಶಲ ಯಾವುದರ ಮೇಲೆ ಕೆಲಸ ಮಾಡುತ್ತೆ? ಬಡಗಿಯ ಕೌಶಲ ಮರದ ಮೇಲೆ. ನರ್ಸ್ ಅಕ್ಕನ ಕೌಶಲ ರೋಗಿಯ ಪರವಾಗಿ. ಪೋಕರ್ ಕೌಶಲ ಎದುರು ಕೂತವನ ಬಲಹೀನತೆಯ ಮೇಲೆ. ಸೋತು ಸೋತು ತಲೆಕೆಟ್ಟು ಸಿಟ್ಟಿನಲ್ಲಿ ದುಡ್ಡು ಎಸೆಯೋ ಸ್ಥಿತಿಗೆ ಅವರು ಟಿಲ್ಟ್ ಅಂತಾರೆ. ಆಟ ಬಾರದೆ ಬಂದು ಕೂತವನಿಗೆ ಫಿಶ್ ಅಂತಾರೆ, ಮೀನು. ಸಂಬಳದಂತೆ ನಂಬಿಕೊಂಡು ಆಡೋನು ಮೀನು ಇರೋ ಮೇಜು ಹುಡುಕಬೇಕು. ಹುಡುಕದಿದ್ದರೆ ಅವನ ಬಾಡಿಗೆ ಕಟ್ಟೋಕಾಗಲ್ಲ.

ನಾನು ಈ ತಮ್ಮನಿಗೆ ಒಂದೇ ಮಾತು ಕೇಳಿದೆ. "ಆಟದ ಮಧ್ಯೆ ಪ್ರಾರ್ಥನೆ ಮಾಡ್ತಿದ್ದೆಯಾ?" "ಮಾಡ್ತಿದ್ದೆ ಅಣ್ಣ." "ನಿನಗೋಸ್ಕರ. ಎದುರು ಆಡ್ತಿದ್ದವನಿಗೋಸ್ಕರ ಮಾಡಿದ್ದೀಯಾ? ಕರ್ತನೇ, ಅವನ ತಲೆ ತಿಳಿಯಾಗಲಿ, ಈಗಲೇ ಎದ್ದು ಮಲಗಲಿ, ಅವನ ದುಡ್ಡು ಅವನ ಹೆಂಡತಿ ಮಕ್ಕಳಿಗೆ ಉಳೀಲಿ ಅಂತ?" ಅವನು ಸುಮ್ಮನಾದ. ಆಮೇಲೆ ಮೆಲ್ಲಗೆ ಹೇಳಿದ: "ಹಾಗೆ ಮಾಡಿದ್ರೆ, ಆ ಪ್ರಾರ್ಥನೆಗೆ ಉತ್ತರ ಬಂದ್ರೆ, ನನಗೆ ಲಾಸ್ ಅಣ್ಣ."

ಶತ್ರುವಿಗಾಗಿ ಪ್ರಾರ್ಥಿಸಿ ಅಂದಾತನ ಶಿಷ್ಯರು ನಾವು. ಅಪರಿಚಿತನಿಗೆ ಒಳ್ಳೇದಾಗಲಿ ಅಂತ ಪ್ರಾರ್ಥಿಸೋಕೆ ಆಗದ ಕುರ್ಚಿಯಲ್ಲಿ ದಿನಾ ಎಂಟು ಗಂಟೆ ಕೂತರೆ ಒಳಗಿನ ಮನುಷ್ಯನಿಗೆ ಏನಾಗುತ್ತೆ?

ನೀವು ಬಿಡೋರಲ್ಲ, ಗೊತ್ತು. ಕ್ರಿಕೆಟ್‌ನಲ್ಲೂ ಒಬ್ಬ ಸೋಲಬೇಕಲ್ಲ ಪಾಸ್ಟರ್ ಅಂತೀರಾ. ಸೋಲಬೇಕು. ಆದರೆ ಬ್ಯಾಟ್ಸ್‌ಮನ್‌ನ ಸಂಬಳ ಬೌಲರ್‌ನ ಜೇಬಿನಿಂದ ಬರಲ್ಲ. ವ್ಯಾಪಾರದಲ್ಲಿ? ಪೇಟೆಯಲ್ಲಿ ಟೊಮೆಟೊ ಮಾರಿದ ಅಕ್ಕನೂ ಕೊಂಡ ನೀವೂ ಇಬ್ಬರೂ ಸಂತೋಷವಾಗಿ ಮನೆಗೆ ಹೋಗಬಹುದು. ಷೇರು? ಕಂಪನಿ ಬೆಳೆದರೆ ಎಲ್ಲರ ಪಾಲೂ ಬೆಳೆಯುತ್ತೆ. ಆದರೆ ಆಪ್ಷನ್ಸ್ ಟ್ರೇಡಿಂಗ್ ಮಾಡೋ ತಮ್ಮಂದಿರು ಈಗ ಫೋನ್ ನೋಡೋ ನಾಟಕ ಮಾಡಬೇಡಿ. ಎಫ್ ಅಂಡ್ ಓನಲ್ಲಿ ಆಡಿದ ಸಾಮಾನ್ಯ ಜನರಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ ಅಂತ ಸೆಬಿನೇ 2024ರಲ್ಲಿ ಹೇಳಿದೆ. ನಿಮ್ಮ ಮೇಜು ಯಾವುದು ಅಂತ ನೀವೇ ನೋಡಿಕೊಳ್ಳಿ.

ಒಂದು ಕಡೆ ಮಾತ್ರ ನಾನು ತಡವರಿಸ್ತೀನಿ. ಬ್ರನ್ಸನ್ ಆಡಿದ್ದು ಬಹಳಷ್ಟು ಸಲ ಕೋಟ್ಯಧಿಪತಿಗಳ ಜೊತೆ, ತನ್ನಷ್ಟೇ ಬಲ್ಲವರ ಜೊತೆ. ಸೋತವನ ಮನೆಯಲ್ಲಿ ಒಲೆ ಆರಲ್ಲ. ಅದನ್ನ ಪಾಪ ಅಂತ ಹೇಳೋಕೆ ನನ್ನ ಹತ್ತಿರ ವಚನ ಇಲ್ಲ, ಆ ಹಿರಿಯರ ತೀರ್ಪು ದೇವರದ್ದು. ಆದರೆ ಬಲ್ಲವರೇ ಬಲ್ಲವರ ಜೊತೆ ಆಡ್ತಾ ಇದ್ದರೆ ಆ ಕಸುಬು ನಿಲ್ಲಲ್ಲ, ಹೊರಗಿನಿಂದ ದುಡ್ಡು ಬರ್ತಾ ಇರಬೇಕು. 2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನೋ ಟೆನ್ನೆಸ್ಸಿಯ ಅಕೌಂಟೆಂಟ್, ನಿಜವಾದ ಹೆಸರೇ ಅದು, ನೂರು ಡಾಲರಿಗಿಂತ ಕಡಿಮೆ ಕಟ್ಟಿ ಆನ್‌ಲೈನ್‌ನಲ್ಲಿ ಅರ್ಹತೆ ಪಡೆದು 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಮುಖ್ಯ ಪಂದ್ಯಕ್ಕೆ ಬಂದವರು 839 ಮಂದಿ. 2006ರಲ್ಲಿ 8,773 ಮಂದಿ. ಅಷ್ಟೂ ಜನ ಮನಿಮೇಕರ್ ಆಗೋಕೆ ಬಂದವರು. ಅವರಲ್ಲಿ ಎಷ್ಟು ಮಂದಿ ಬರಿಗೈಯಲ್ಲಿ ವಾಪಸ್ ಹೋದರು, ನೀವೇ ಲೆಕ್ಕ ಹಾಕಿ.

ಕೊನೆಗೆ ಆ ಕವರ್. ಜಕ್ಕಾಯನ ಕೆಲಸವೂ ರೋಮ್ ಕಾನೂನಿನಂತೆ ಸರಿಯೇ. ಆದರೆ ಯೇಸು ಅವನ ಮನೆಗೆ ಬಂದಾಗ ಅವನು ಕಾನೂನು ಪುಸ್ತಕ ತೆಗೆಯಲಿಲ್ಲ, ಯಾರಿಂದ ಕಸಿದುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಕೊಡ್ತೀನಿ ಅಂದ. ಅವನಿಗೆ ಮುಖಗಳು ಗೊತ್ತಿದ್ದವು. ನಮ್ಮ ತಮ್ಮನಿಗೂ ಕೊಡೋ ಮನಸ್ಸಿದೆ. ಯಾರಿಗೆ ಕೊಡೋದು? ಅವನು ಗೆದ್ದದ್ದು ಯೂಸರ್ ನೇಮ್‌ಗಳಿಂದ. ಒಂದಕ್ಕೂ ಮುಖ ಇಲ್ಲ, ಊರಿಲ್ಲ. ಒಬ್ಬನ ಹೆಸರು ಮಾತ್ರ ಅವನಿಗೆ ನೆನಪಿದೆಯಂತೆ, ಯಾಕಂದ್ರೆ ಆ ಹೆಸರಿನ ಕೊನೇಲಿ "ಪಪ್ಪಾ" ಅಂತ ಇತ್ತು. ಬೆಳಗಿನ ಜಾವ ಮೂರು ಗಂಟೆವರೆಗೂ ಆಡಿದನಂತೆ ಆ ಪಪ್ಪಾ.

ಅವನ ಪಾಡು ಅದು. ನನ್ನ ಪಾಡು? ಮತ್ತಾಯ 27ರಲ್ಲಿ ಯೂದನು ಬೆಳ್ಳಿ ನಾಣ್ಯಗಳನ್ನ ಎಸೆದಾಗ ಮಹಾಯಾಜಕರು ಅದನ್ನ ಕಾಣಿಕೆ ಪೆಟ್ಟಿಗೆಗೆ ಹಾಕಲಿಲ್ಲ, ಸರಿಯಲ್ಲ ಅಂದರು. ಆ ದುಡ್ಡು ಕೊಟ್ಟವರೇ ಅವರು! ಎಂಥ ಕಪಟ ಅಂತ ನಾನು ಎಷ್ಟು ಸಲ ಪ್ರಸಂಗ ಮಾಡಿಲ್ಲ? ಆದರೆ ಅವರು ಒಂದು ಕ್ಷಣ ನಿಂತು ಯೋಚಿಸಿದರು. ನಾನು ನಿಲ್ಲಲಿಲ್ಲ. ಬಾಡಿಗೆ ರಸೀದಿ ನನ್ನ ಜೇಬಿನಲ್ಲೇ ಇತ್ತು. ಹುಡುಗ ತಪ್ಪೇನೂ ಇಲ್ವಲ್ಲಾ ಅಂತ ಕೇಳಿದಾಗ ಅವನಿಗೆ ಬೇಕಿದ್ದದ್ದು ಪಾಸ್ಟರ್. ಸಿಕ್ಕಿದ್ದು ಬಾಡಿಗೆ ಬಾಕಿ ಇದ್ದ ಮನುಷ್ಯ. ತಮ್ಮಾ, ಎಲ್ಲರ ಮುಂದೆ ಕ್ಷಮೆ ಕೇಳ್ತಾ ಇದ್ದೇನೆ.

ಹಿರಿಯರ ಮುಂದೆ ಇದನ್ನ ಇಟ್ಟಿದ್ದೇನೆ. ಆ ದುಡ್ಡು ಖರ್ಚಾಗಿದೆ, ಈ ಹಾಲ್‌ನಲ್ಲೇ ಖರ್ಚಾಗಿದೆ. ಒಬ್ಬರು ಬಿಟ್ಟುಬಿಡಿ ಅಂದರು. ಇನ್ನೊಬ್ಬರು, ರಮ್ಮಿ ಆಪ್‌ನಿಂದ ಸಾಲದಲ್ಲಿರೋ ಕುಟುಂಬ ನಮ್ಮ ಸಭೆಯಲ್ಲೇ ಇದೆಯಲ್ಲ, ಅಷ್ಟು ಮೊತ್ತ ಅವರಿಗೆ ಹೋಗಲಿ ಅಂದರು. ತೀರ್ಮಾನ ಆಗಿಲ್ಲ. ಮುಂದಿನ ಭಾನುವಾರ ಸಂಜೆ ಐದಕ್ಕೆ ಮತ್ತೆ ಕೂಡ್ತೀವಿ, ಆ ತಮ್ಮನೂ ಬರ್ತಾನೆ.

ಈಗ ಎದ್ದು ನಿಲ್ಲೋಣ. ಇವತ್ತು ಹಾಡು ಆಮೇಲೆ. ಕೀಬೋರ್ಡ್ ಬ್ರದರ್, ಸ್ವಲ್ಪ ನಿಲ್ಲಿಸಿ. ಹೆಸರು ಗೊತ್ತಿಲ್ಲದ ಆ ಪಪ್ಪಾನಿಗಾಗಿ ಪ್ರಾರ್ಥನೆ ಮಾಡೋಣ.